ಆಚೆ ತಟ್ಟೆ

ಮೈಕು ನನ್ನ ಕೈಗೆ ಬಂದದ್ದು ಶೋಕಸಭೆಯಲ್ಲಿ.

ಒಂದು ನಿಮಿಷದ ಮೌನ ನಲವತ್ತು ಸೆಕೆಂಡಿಗೇ ಮುಗಿದಿತ್ತು. ನಾಲ್ವರು ಮಾತಾಡಿದ್ದರು. ಐದನೆಯವರು ‘ತುಂಬಲಾರದ ನಷ್ಟ’ದವರೆಗೆ ತಲುಪಿದಾಗ ಹಿಂದಿನ ಬೆಂಚಿನಿಂದ ಒಂದು ಆಕಳಿಕೆ ಎದ್ದಿತು. ಆಕಳಿಕೆ ಅಂಟುರೋಗ, ಸಾಲು ಸಾಲು ದಾಟಿ ವೇದಿಕೆಯನ್ನೂ ಮುಟ್ಟಿತು. ಅಲ್ಲಿ ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರಿದ್ದರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷಗಿರಿ ಹೋಗಿ ವರ್ಷಗಳಾದರೂ ನಮ್ಮೂರಿಗೆ ಅವರು ಅಧ್ಯಕ್ಷರೇ. ಜಿನಸಿನಂಗಡಿಯೂ ಅವರದೇ. ಅವರು ಆಕಳಿಕೆಯನ್ನು ಕರ್ಚೀಫಿನಲ್ಲಿ ಹಿಡಿದು, ಸಭೆಯಲ್ಲಿ ಕಣ್ಣಾಡಿಸಿ ನನ್ನನ್ನು ಹುಡುಕಿದರು.

“ಏ ಮಾರಾಯ, ನೀನು ಟೀಚರ ಶಿಷ್ಯ ಅಲ್ವಾ? ಬಾ, ಟೀಚರದ್ದು ಒಂದು ಮಾಡು. ಜನ ಸ್ವಲ್ಪ ನಗ್ಲಿ. ಅವರ ಆತ್ಮಕ್ಕೂ ಶಾಂತಿ ಆಗ್ತದೆ.”

ಸತ್ತವರ ಶಾಂತಿಗೆ ತಿಲೋದಕ ಬಿಡುವುದನ್ನು ಕೇಳಿದ್ದೆ, ಮಿಮಿಕ್ರಿ ಬಿಡುವುದನ್ನು ಅವತ್ತೇ ಕೇಳಿದ್ದು.

ಆದರೆ ಅವರದೇನೂ ತಪ್ಪಿಲ್ಲ. ನನ್ನನ್ನು ಜನ ಕರೆಯುವುದೇ ಅದಕ್ಕೆ. ನಾನು ವಾರದ ಆರು ದಿನ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕ, ಏಳನೆಯ ದಿನ ಮದುವೆ ಮಂಟಪಗಳಲ್ಲಿ ಅತಿಥಿ ಕಲಾವಿದ. ಎರಡೂ ಕಡೆ ಅತಿಥಿಯೇ, ಎರಡೂ ಕಡೆ ಊಟ ಕಡೆಯ ಪಂಕ್ತಿಯಲ್ಲಿ. ಬಸ್ಸಿನ ಕಂಡಕ್ಟರಿನಿಂದ ಹಿಡಿದು ವರನ ಸೋದರಮಾವನವರೆಗೆ ಯಾರ ಗಂಟಲನ್ನು ಬೇಕಾದರೂ ನಾನು ಎರವಲು ತರುತ್ತೇನೆ. ನನ್ನ ಸ್ವಂತ ಧ್ವನಿ ಯಾವುದೆಂದು ಅಮ್ಮನೇ ಒಮ್ಮೊಮ್ಮೆ ಕೇಳುತ್ತಾಳೆ. ಫೋನು ಎತ್ತಿ ‘ಹಲೋ’ ಎಂದರೆ ಸಾಕು, “ಯಾರ ‘ಹಲೋ’ ಇದು? ನಿನ್ನದಾ?”

ಹೀಗೆ ಊರಿಗೆಲ್ಲ ಬಾಯಾದವನು ಒಬ್ಬರ ಬಾಯಿಗೆ ಮಣ್ಣು ಹಾಕಿದ ಕಥೆ ಇದು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆದರೆ ನಾನೂ ‘ತುಂಬಲಾರದ ನಷ್ಟ’ ಎಂದು ಬರೆದುಬಿಡುತ್ತೇನೆ, ಆ ಹೆದರಿಕೆಯಿಂದ.

ಟೀಚರ ಹೆಸರು ಹೇಳುವುದಿಲ್ಲ. ಸಭೆಯ ಬ್ಯಾನರಿನಲ್ಲಿ ಮೊಣಕೈ ಉದ್ದದ ಅಕ್ಷರದಲ್ಲಿ ಅದನ್ನು ಹಾಕಿಸಿದ್ದರು, ಒಂದು ಒತ್ತು ಬಿಟ್ಟಿತ್ತು. ಅವರು ಬದುಕಿದ್ದರೆ ಕುರ್ಚಿ ಹತ್ತಿ ಸರಿ ಮಾಡಿಯೇ ಇಳಿಯುತ್ತಿದ್ದರು. ತುರುಬಿನಲ್ಲಿ ಅದಕ್ಕೆಂದೇ ಒಂದು ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಿದ್ದರು. ಬೇರೆ ಹೆಂಗಸರು ಅಬ್ಬಲಿಗೆ ಮುಡಿಯುವ ಜಾಗದಲ್ಲಿ ನಮ್ಮ ಟೀಚರಿಗೆ ಪೆನ್ಸಿಲು. ಬೆಟ್ಟಂಪಾಡಿ ಕಡೆಯಿಂದ ಪುತ್ತೂರಿಗೆ ಒಂದು ಬಸ್ಸು, ಪುತ್ತೂರಿನಿಂದ ಕಾಣಿಯೂರಿಗೆ ಇನ್ನೊಂದು, ಅಲ್ಲಿಂದ ಒಳಗೆ ನಮ್ಮ ಶಾಲೆಗೆ ನಡಿಗೆ. ಬಂದವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ನೆಲದಲ್ಲೇ ಕೂರುವುದು. ಏಳುವಾಗ ಹತ್ತಿರದ ಮಗುವಿನ ತಲೆಯ ಮೇಲೆ ಕೈಯೂರಿ ಏಳುವುದು.

“ನಿಮ್ಮ ತಲೆ ಇರುದು ಮತ್ತೆಂತಕ್ಕೆ?” ಎನ್ನುವುದು.

ಒಂದರಿಂದ ಮೂರನೆಯ ತರಗತಿವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಅವರಿಗೆಲ್ಲ ಒಬ್ಬರೇ ಟೀಚರ್. ನಲಿಕಲಿ ತರಗತಿ. ಅದರಲ್ಲಿ ಮಕ್ಕಳು ಕೂರುವ ಗುಂಪಿಗೆ ‘ತಟ್ಟೆ’ ಎಂದು ಹೆಸರು. ಹೊಸದನ್ನು ಕಲಿಯುವವರು ಟೀಚರ ಮಗ್ಗುಲಲ್ಲೇ ಒಂದನೇ ತಟ್ಟೆಯಲ್ಲಿ. ಸ್ವಲ್ಪ ಬಂದವರು ಎರಡನೆಯದರಲ್ಲಿ. ಹೀಗೇ ಸಾಗಿ, ತಾವಾಗಿ ಮಾಡಬಲ್ಲವರು ಐದನೆಯದರಲ್ಲಿ. ಬೆಳಿಗ್ಗೆ ಒಂದರಲ್ಲಿದ್ದವನು ಮಧ್ಯಾಹ್ನ ಐದಕ್ಕೆ ಹೋಗಬಹುದು, ಹೊಸ ಪಾಠ ಬಂದರೆ ಪುನಃ ಒಂದಕ್ಕೆ. ಅದು ಮೇಲು ಕೀಳಿನ ಲೆಕ್ಕವೇ ಅಲ್ಲ. ಅನ್ನದ ತಟ್ಟೆಗೂ ಅದಕ್ಕೂ ಸಂಬಂಧವೂ ಇಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ, ನಮ್ಮೂರಿನವರು ನೆನಪಿಡಲಿಲ್ಲ.

ಬೇರೆ ಶಾಲೆಗಳಲ್ಲಿ ತಟ್ಟೆ ಬೇರೆಯಾದರೂ ಪಾಠ ಬರೆದ ಕಾರ್ಡು ಒಂದೇ. ನಮ್ಮ ಟೀಚರಿಗೆ ಅದೂ ಸಾಲದು, ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬರೆಯುತ್ತಿದ್ದರು. ಹಳೆಯ ಮದುವೆ ಕಾಗದದ ಬೆನ್ನಿನಲ್ಲಿ. ಹೆಡ್‌ಮಾಸ್ತರರು ಒಮ್ಮೆ, “ಎಲ್ಲರಿಗೂ ಒಂದೇ ಪಾಠ ಮಾಡಿ ಮುಗಿಸುದು ಬಿಟ್ಟು ಎಂತಕ್ಕೆ ಟೀಚರೇ ಈ ಉಪದ್ರ?” ಎಂದಾಗ ಟೀಚರ್ ತಲೆಯೆತ್ತದೆ ಹೇಳಿದರು.

“ಎಲ್ಲರ ಬಾವಿಯ ನೀರೂ ಒಂದೇ ಆಳದಲ್ಲಿ ಉಂಟಾ ಸರ್? ಹಗ್ಗ ಮಾತ್ರ ಒಂದೇ ಉದ್ದ ಕೊಟ್ರೆ ಹೇಗೆ?”

ನನ್ನ ಬಾವಿ ಬಹಳ ಆಳದ್ದು. ಎಂಟು ವರ್ಷವಾದರೂ ನನಗೆ ಓದಲು ಬರುತ್ತಿರಲಿಲ್ಲ. ಆದರೆ ಅದು ಯಾರಿಗೂ ಗೊತ್ತಿರಲಿಲ್ಲ. ಒಂದು ಸಲ ಕೇಳಿದ್ದನ್ನು, ಓದಿದವರ ಉಸಿರು ಸಮೇತ ಒಪ್ಪಿಸುತ್ತಿದ್ದೆ. ಪುಟ ನೋಡುತ್ತ ಬೆರಳು ಸರಿಸುವುದೂ ಬರುತ್ತಿತ್ತು. ನೋಡಿದವರಿಗೆ ನಾನು ಪಂಡಿತ. ಒಂದು ದಿನ ನಾನು ಹೀಗೆ ‘ಓದು’ತ್ತಿದ್ದಾಗ ಟೀಚರ್ ಸುಮ್ಮನೆ ಬಂದು ಎರಡು ಪುಟ ಒಟ್ಟಿಗೆ ಮಗುಚಿದರು. ನಾನು ಹಳೆಯ ಪುಟವನ್ನೇ ಮುಂದುವರಿಸಿದೆ. ಚಿತ್ರದಲ್ಲಿ ಆನೆ, ನನ್ನ ಬಾಯಲ್ಲಿ ಮಾವಿನ ಮರ.

ಅವರು ಬಯ್ಯಲಿಲ್ಲ, ಬೇರೆ ಮಕ್ಕಳಿಗೆ ಹೇಳಲೂ ಇಲ್ಲ. ಕಿವಿಯ ಹತ್ತಿರ ಬಗ್ಗಿ, “ಕಳ್ಳ. ನಾಳೆಯಿಂದ ನಿನಗೆ ಬೇರೆ ಪಾಠ” ಎಂದರು.

ಮರುದಿನ ಕೇಳಿದರು, “ಅಂಗಡಿಯ ಅಧ್ಯಕ್ಷರು ಹೇಗೆ ಮಾತಾಡುದು? ಮಾಡು ನೋಡುವ.”

ನಾನು ಗಂಟಲು ಕೆರೆದು ಮಾಡಿದೆ: “ಹ್ಹ್‌ಮ್… ಕುಪ್ಪಿ ತಂದಿದ್ದಿಯಾ? ಎಣ್ಣೆ ಎಂತ ಕೈಯಲ್ಲಿ ಕೊಡುದಾ?”

ಟೀಚರ್ ಹೊಟ್ಟೆ ಹಿಡಿದು ನಕ್ಕರು. ತುರುಬಿನಿಂದ ಪೆನ್ಸಿಲು ತೆಗೆದು ಆ ಮಾತನ್ನು ಒಂದು ಕಾರ್ಡಿನಲ್ಲಿ ಹಾಗೆಯೇ ಬರೆದರು. “ಓದು.” ನನ್ನದೇ ಮಾತು, ಓದದೆ ಎಲ್ಲಿಗೆ ಹೋಗಲಿ? ಬೆರಳು ಮೊದಲ ಬಾರಿಗೆ ನಿಜವಾಗಿ ಅಕ್ಷರದ ಮೇಲೆ ನಿಂತಿತು. ಕುಪ್ಪಿಯ ಪ, ಪ-ಒತ್ತು. ನಂತರ ಕಂಡಕ್ಟರಿನ ಕಾರ್ಡು, ಪೋಸ್ಟಿನವರ ಕಾರ್ಡು, ಅಡುಗೆ ಅಕ್ಕನ ಕಾರ್ಡು. ಬೇರೆ ಮಕ್ಕಳು ಅ-ಆ-ಇ-ಈಯಿಂದ ಓದು ಕಲಿತರು. ನಾನು ಊರಿನವರ ಗಂಟಲಿನಿಂದ ಕಲಿತೆ. ತಲೆಯ ಮೇಲೆ ಕಟ್ಟಿದ ಹಗ್ಗದ ಚಪ್ಪರದಲ್ಲಿ ನನ್ನ ಕಾರ್ಡುಗಳು ಒಣಮೀನಿನ ಹಾಗೆ ನೇತಾಡುತ್ತಿದ್ದವು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ರಬ್ಬರ್ ತೋಟದವರ ಮಗಳು. ಮನೆಯಲ್ಲಿ ಮಲಯಾಳ ಮಾತ್ರ. ಶಾಲೆಗೆ ಬಂದು ಮೂರು ತಿಂಗಳು ತುಟಿ ಬಿಚ್ಚಿರಲಿಲ್ಲ. ಅವಳೆದುರು ಟೀಚರ ಧ್ವನಿಯೇ ಬೇರೆ, ಗುಟ್ಟು ಹೇಳುವ ಹಾಗೆ ಪಿಸುಪಿಸು. ಒಂದು ದಿನ ನಾಯಿಯ ಚಿತ್ರ ತೋರಿಸಿ, ಮಲಯಾಳದಲ್ಲಿ ಬೆಕ್ಕಿಗೆ ಹೇಳುವ ಶಬ್ದ ಹೇಳಿದರು.

“ಪೂಚ್ಚ.”

ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. ಟೀಚರ್ ಹಟ ಹಿಡಿದು, “ಪೂಚ್ಚ, ಪೂಚ್ಚ” ಎಂದರು. ಅವಳಿಗೆ ತಡೆಯಲಾಗಲಿಲ್ಲ.

“ಪೂಚ್ಚ ಅಲ್ಲ ಟೀಚರೇ, ಪಟ್ಟಿ! ಪಟ್ಟಿ!”

ಅದೇ ಅವಳು ತರಗತಿಯಲ್ಲಿ ಆಡಿದ ಮೊದಲ ಮಾತು. ‘ಪಟ್ಟಿ’ ಎಂದು ಕೂಗಿದ್ದು ಕೇಳಿ ಹೆಡ್‌ಮಾಸ್ತರರು ಪಕ್ಕದ ಕೋಣೆಯಿಂದ ಮಕ್ಕಳ ಹೆಸರಿನ ಪಟ್ಟಿ ಹಿಡಿದು ಓಡಿ ಬಂದರು.

ಅವತ್ತು ಟೀಚರ್ ಹಲಗೆಯಲ್ಲಿ ಐದು ಶಬ್ದ ಬರೆದರು. ತುಳುವಿನ ಉಂಡು, ಮಲಯಾಳದ ಉಂಡ್, ಅರೆಭಾಷೆಯ ಉಟ್ಟು, ನಮ್ಮ ಊರ ಕನ್ನಡದ ಉಂಟು, ಪುಸ್ತಕದ ಇದೆ. “ನೋಡಿ ಮಕ್ಳೇ, ಈ ನಾಲ್ಕೂ ಒಂದೇ ಮನೆಯವು. ‘ಇದೆ’ ಉಂಟಲ್ಲ, ಅದು ಹೊರಗಿನಿಂದ ಬಂದ ಅಳಿಯ. ಅವನಿಗೂ ಮರ್ಯಾದೆ ಕೊಡ್ಬೇಕು. ಆದ್ರೆ ಅವ ಬಂದ ಅಂತ ಮನೆಯವರನ್ನು ಹೊರಗೆ ಹಾಕ್ಲಿಕ್ಕೆ ಉಂಟಾ?”

ಅಧ್ಯಕ್ಷರ ಮಗನೂ ನಮ್ಮೊಟ್ಟಿಗೇ. ಚುರುಕು ಹುಡುಗ. ಎಲ್ಲರೂ ಮೂರು ಲೆಕ್ಕ ಮಾಡುವಾಗ ಅವನು ಹತ್ತು ಮಾಡಿ, ಉಳಿದ ಹೊತ್ತಿನಲ್ಲಿ ಪಕ್ಕದವನ ಚಡ್ಡಿಗೆ ಶಾಯಿ ಬಿಡುತ್ತಿದ್ದ. ಟೀಚರ್ ಅವನಿಗೆ ಪುಸ್ತಕ ಮುಚ್ಚಿಸಿ, ಶಾಲೆಯ ಅಂಗಳಕ್ಕೆ ಬೇಲಿ ಹಾಕಲು ಎಷ್ಟು ಗೂಟ ಬೇಕು ಎಂದು ಅಳೆದು ಬರಲು ಕಳಿಸಿದರು. ಅವನೊಟ್ಟಿಗೆ ಮಾತಾಡುವಾಗ ಟೀಚರ್ ವಕೀಲರ ಹಾಗೆ, “ಹೇಗೆ? ಯಾಕೆ? ತೋರಿಸು.” ಅವನು ಖುಷಿಯಲ್ಲಿ ಗೂಟ ಎಣಿಸಿದ. ಆದರೆ ಮನೆಯಲ್ಲಿ ಅಪ್ಪ ಇವತ್ತು ಎಷ್ಟು ಪುಟ ಆಯಿತು ಎಂದು ಕೇಳಿದಾಗ, “ನನಗೆ ಪುಟ ಇಲ್ಲ, ಅಂಗಳ” ಎಂದ.

ಅಧ್ಯಕ್ಷರು ಮರುದಿನವೇ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳತೊಡಗಿದರು. “ನನ್ನ ಮಗನಿಗೆ ಪಾಠ ಇಲ್ವಂತೆ. ಆ ಕೂಲಿಯವಳ ಮಗನಿಗೆ ಸ್ಪೆಷಲ್ ಪಾಠ ಅಂತೆ. ಎಂತ ನ್ಯಾಯ ಮಾರಾಯ್ರೆ ಇದು?” ಕೂಲಿಯವಳ ಮಗ ಎಂದರೆ ನಾನು.

ಈಗ ನನ್ನ ಪ್ರವೇಶ.

ಒಂದು ಭಾನುವಾರ ಅಮ್ಮ ನನ್ನನ್ನು ಅಂಗಡಿಗೆ ಎಣ್ಣೆಗೆ ಕಳಿಸಿದ್ದಳು. ಜಗಲಿಯಲ್ಲಿ ಏಳೆಂಟು ಜನ ಇದ್ದರು. ಅಧ್ಯಕ್ಷರೇ ಕೇಳಿದರು.

“ನೀನು ಎಲ್ಲರದ್ದೂ ಮಾಡ್ತಿಯಂತೆ. ನಿಮ್ಮ ಟೀಚರದ್ದು ಮಾಡು ನೋಡುವ. ಕಡ್ಲೆಮಿಠಾಯಿ ಕೊಡ್ತೇನೆ.”

ನನಗೆ ಟೀಚರದ್ದು ಬರುತ್ತಿರಲಿಲ್ಲ. ಆದರೆ ಎಂಟು ಜೊತೆ ಕಣ್ಣು ನನ್ನ ಬಾಯಿ ನೋಡುತ್ತಿದ್ದಾಗ ‘ಬರುವುದಿಲ್ಲ’ ಎನ್ನುವ ಜಾತಿಯವನಲ್ಲ ನಾನು, ಅವತ್ತೂ ಅಲ್ಲ, ಇವತ್ತೂ ಅಲ್ಲ. ಟವೆಲನ್ನು ಸೆರಗು ಮಾಡಿದೆ. ಕಡ್ಡಿಯೊಂದನ್ನು ತಲೆಗೆ ಸಿಕ್ಕಿಸಿದೆ. ಮೂಗಿನಲ್ಲಿ ತೆಳ್ಳಗಿನ ಧ್ವನಿ ತೆಗೆದು, ಬೆರಳು ತೋರಿಸಿ ಕಿರುಚಿದೆ: “ಇಲ್ಲಿ ಅಲ್ಲ! ನಿನಗೆ ಆಚೆ ತಟ್ಟೆ! ಆಚೆ ಕೂತ್ಕೋ!”

ಜಗಲಿ ನಕ್ಕು ಉರುಳಿತು. ಇನ್ನೊಮ್ಮೆ ಮಾಡಿಸಿದರು, ಮತ್ತೊಮ್ಮೆ ಮಾಡಿಸಿದರು. ಬೆಲ್ಲ ಕೊಳ್ಳಲು ಬಂದಿದ್ದ ಒಬ್ಬ ಅಜ್ಜಿ ಮಾತ್ರ ನಗಲಿಲ್ಲ.

“ಆಚೆ ತಟ್ಟೆಯಾ? ಶಾಲೆಯಲ್ಲಿ ಮಕ್ಕಳಿಗೆ ಊಟ ಹಾಕುವಾಗ ಆಚೆ ಕೂರಿಸುದಾ?” ಎಂದು ಕೇಳಿತು.

ಆ ತಟ್ಟೆ ಯಾವ ತಟ್ಟೆ ಎಂದು ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತಿತ್ತು. ನಲಿಕಲಿಯ ಬಗ್ಗೆ ಪೋಷಕರಿಗೆ ತಿಳಿಸಿ ಹೇಳುವ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಎರಡು ಸಲ ಅವಲಕ್ಕಿ ಹಾಕಿಸಿಕೊಂಡವರು ಅವರು. ಅಜ್ಜಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ತಕ್ಕಡಿಯಲ್ಲಿ ಬೆಲ್ಲ ಇಡುತ್ತ, “ನೋಡಿ ಅಜ್ಜಿ, ಚಿಕ್ಕ ಮಕ್ಕಳು ಸುಳ್ಳು ಹೇಳ್ತಾರಾ?” ಎಂದರು. ವಾರದೊಳಗೆ ದೂರು ಹೋಯಿತು. ಟೀಚರ್ ಶಾಲೆಯಲ್ಲಿ ಪಂಕ್ತಿಭೇದ ಮಾಡುತ್ತಾರೆ!

ಪಂಕ್ತಿಭೇದ! ನಮ್ಮ ಕಡೆ ಈ ಶಬ್ದಕ್ಕೆ ಬೆಂಕಿಪೊಟ್ಟಣ ಬೇಡ, ತಾನೇ ಹತ್ತಿಕೊಳ್ಳುತ್ತದೆ.

ವಿಚಾರಣೆಗೆ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದರು. ಅಡುಗೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಉಣ್ಣುದು ಸಾರ್. ಬೇಕಾದ್ರೆ ನೀವೂ ಕೂತ್ಕೊಳ್ಳಿ, ಬಡಿಸ್ತೇನೆ” ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧ್ಯಕ್ಷರು ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು. ನನ್ನನ್ನು ಆಫೀಸು ಕೋಣೆಗೆ ಕರೆಸಿದರು.

“ನೀನು ಭಾರೀ ಚಂದ ಮಾಡ್ತೀಯಂತೆ. ಟೀಚರ್ ಹೇಗೆ ಹೇಳ್ತಾರೆ, ಮಾಡಿ ತೋರಿಸು.”

ಹೊಸ ಪ್ರೇಕ್ಷಕರು, ಅದೂ ಜೀಪಿನಲ್ಲಿ ಬಂದವರು. ನಾನು ಮಾಡಿದೆ. ಅಧಿಕಾರಿ ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಮುಗಿಸಿ, “ಇವನಿಗೆ ಬರೆಯೋಕೆ ಬರುತ್ತಾ?” ಎಂದು ಹೆಡ್‌ಮಾಸ್ತರರನ್ನು ಕೇಳಿದರು.

“ಇವನಿಗಾ? ಎಲ್ಲಿ ಸಾರ್! ಬಾಯಿ ಮಾತ್ರ.”

ಆ ಮಾತು ನನ್ನನ್ನು ಕೆಣಕಿತು. ಕಾಗದ ಎಳೆದುಕೊಂಡು, ನಾಲಿಗೆ ಹೊರಗೆ ಹಾಕಿ, ಒಂದೊಂದೇ ಅಕ್ಷರ ಬರೆದೆ. *ನಿನಗೆ ಆಚೆ ತಟೆ.* ನೋಡಿ ಬರೆದದ್ದಲ್ಲ, ಕೇಳಿ ಬರೆದದ್ದಲ್ಲ. ನಾನು ನಾನಾಗಿ ಬರೆದ ಮೊದಲ ವಾಕ್ಯ ಅದು. ಬರೆಯಲು ಕಲಿಸಿದವರ ಮೇಲಿನ ಸಾಕ್ಷಿ.

ತಲೆಯೆತ್ತಿದಾಗ ಬಾಗಿಲಲ್ಲಿ ಟೀಚರ್ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಒಳಗೆ ಬಂದರು. ಕಾಗದ ನೋಡಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ನಾನು ಬರೆದೆನಲ್ಲ, ಅದಕ್ಕೆ. ಆಮೇಲೆ ಏನು ಬರೆದಿದ್ದೇನೆ ಎಂದು ಓದಿದರು. ಕೈ ತಾನಾಗಿ ತುರುಬಿಗೆ ಹೋಯಿತು. ಪೆನ್ಸಿಲು ತೆಗೆದು ಬಗ್ಗಿ, ‘ತಟೆ’ಯ ಕೆಳಗೆ ಕೆಂಪಗೆ ಒಂದು ಒತ್ತು ಹಾಕಿದರು.

“ಒತ್ತು ಬಿಟ್ಟಿದ್ದಿ ನೋಡು,” ಎಂದರು. ಹೊರಗೆ ಹೋದರು.

ಆ ಕಾಗದ ಫೈಲಿಗೆ ಹೋಯಿತು. ಊಟದ ದೂರು ಸಾಬೀತಾಗಲಿಲ್ಲ, ‘ಮಕ್ಕಳಲ್ಲಿ ಭೇದಭಾವ ಮೂಡಿಸುವ ಬೋಧನೆ’ ಎಂಬುದು ನಿಂತಿತು. ಇನ್ನು ಮುಂದೆ ಎಲ್ಲರಿಗೂ ಒಂದೇ ಪಾಠ, ಒಂದೇ ಪುಟ ಎಂದಾಯಿತು. ಚಪ್ಪರದ ಕಾರ್ಡುಗಳನ್ನು ಹೆಡ್‌ಮಾಸ್ತರರು ಗೋಣಿಗೆ ತುಂಬಿಸಿದರು. ಎರಡು ತಿಂಗಳಲ್ಲಿ ಟೀಚರಿಗೆ ಸುಳ್ಯದ ಆಚೆ ತುದಿಯ ಶಾಲೆಗೆ ವರ್ಗವಾಯಿತು. ರಬ್ಬರ್ ತೋಟದ ಹುಡುಗಿ ಮತ್ತೆ ಬಾಯಿ ಮುಚ್ಚಿಕೊಂಡಳು. ಅಧ್ಯಕ್ಷರ ಮಗ ಮತ್ತೆ ಶಾಯಿ ಬಿಡತೊಡಗಿದ. ಹೋಗುವ ದಿನ ಟೀಚರ್ ಒಬ್ಬೊಬ್ಬರಿಗೂ ಬೇರೆ ಬೇರೆ ಮಾತು ಹೇಳಿ ಹೊರಟರು. ನನಗೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ನಾನು ಅವತ್ತು ಕೆಸುವಿನ ಗಿಡಗಳ ಹಿಂದೆ ಅಡಗಿದ್ದೆ.

ಮತ್ತೆ ಅವರು ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ, ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ. ನಿವೃತ್ತರಾಗಿದ್ದರು, ತುರುಬು ಸಣ್ಣದಾಗಿತ್ತು, ಪೆನ್ಸಿಲು ಇತ್ತು. ನಾನು ತಪ್ಪಿಸಿಕೊಳ್ಳುವ ಮೊದಲೇ ಹಿಡಿದರು.

“ಎಂತದಾ ಕಳ್ಳ, ಈಗ ಯಾರದ್ದು ಮಾಡ್ತಾ ಉಂಟು?”

ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಕ್ಕೆ ಬಾಯಿ ತೆರೆದೆ, ಬಂದದ್ದು ಕಂಡಕ್ಟರಿನ ಧ್ವನಿ: “ಯಾರ್‍ರೀ ಸವಣೂರು, ಕಾಣಿಯೂರು, ಮುಂದೆ ಹೋಗಿ ಮುಂದೆ!” ಟೀಚರ್ ನಕ್ಕರು. ಪಕ್ಕದ ಇಬ್ಬರು ನಿಜವಾಗಿಯೂ ಮುಂದೆ ಹೋದರು.

“ನನ್ನದು ಮಾಡ್ತಿಯಾ ಈಗಲೂ?”

“ಇಲ್ಲ ಟೀಚರ್.”

“ಮಾಡು. ಆದ್ರೆ ನನ್ನ ಹಾಗೆ ಮಾಡು. ಅವತ್ತು ಮಾಡಿದ್ದು ನನ್ನದಲ್ಲ. ಯಾರದ್ದು ಅಂತ ನನಗೆ ಆಗಲೇ ಗೊತ್ತಾಗಿತ್ತು. ನಿನಗೆ ಗೊತ್ತಾಗ್ಲಿಲ್ವಾ?”

ಬಸ್ಸು ಬಂತು, ಹತ್ತಿದೆ. ಸವಣೂರು ದಾಟುವಾಗ ಗೊತ್ತಾಯಿತು.

ನಕಲಿಗೆ ಒಂದು ಅಸಲು ಬೇಕು. ನಾನು ಏನನ್ನೂ ಹುಟ್ಟಿಸಿಕೊಂಡು ಹೇಳಿದವನಲ್ಲ, ಕೇಳಿದ್ದನ್ನು ಹೇಳುವವನು. ‘ಆಚೆ ತಟ್ಟೆ’ಯನ್ನು ಟೀಚರ ಬಾಯಲ್ಲಿ ನಾನು ಕೇಳಿರಲಿಲ್ಲ. ಕೇಳಿದ್ದು ಅದೇ ವರ್ಷ ಅಧ್ಯಕ್ಷರ ಹೊಸ ಮನೆಯ ಒಕ್ಕಲಿನಲ್ಲಿ, ಗೃಹಪ್ರವೇಶದ ಊಟಕ್ಕೆ ಹೋದಾಗ. ಒಳಗೆ ಚಾವಡಿಯಲ್ಲಿ ಬಾಳೆಲೆ ಹಾಕಿದ್ದರು. ನಾನು ಓಡಿಹೋಗಿ ಒಂದು ಎಲೆಯ ಮುಂದೆ ಕೂತೆ. ಅಧ್ಯಕ್ಷರು ಗಂಟಲು ಕೆರೆದು, ಅಮ್ಮನಿಗೂ ಕೇಳುವ ಹಾಗೆ ಹೇಳಿದರು. “ಹ್ಹ್‌ಮ್… ಇಲ್ಲಿ ಅಲ್ಲ. ನಿಮ್ಮವರಿಗೆ ಆಚೆ ತಟ್ಟೆ ಇಟ್ಟಿದೆ. ಆಚೆ ಕೂತ್ಕೋ.” ಒಳಗೆ ಎಲೆ, ಆಚೆ ಕಟ್ಟಿಗೆ ಕೊಟ್ಟಿಗೆಯ ಹತ್ತಿರ ತಟ್ಟೆ. ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಆ ಊಟಕ್ಕೆ ಟೀಚರನ್ನೂ ಕರೆದಿದ್ದರು. ಅವರು ಎಲೆ ಬಿಟ್ಟು ಎದ್ದು ಬಂದು, “ಒಳಗೆ ಭಾರೀ ಸೆಕೆ ಮಾರಾಯ್ರೆ” ಎನ್ನುತ್ತ ನಮ್ಮ ಪಕ್ಕದಲ್ಲಿ ತಟ್ಟೆ ಹಿಡಿದು ಕೂತಿದ್ದರು. ಅಧ್ಯಕ್ಷರು ಅದನ್ನು ನೋಡಿದ್ದರು.

ಅಂದರೆ ಅಂಗಡಿ ಜಗಲಿಯಲ್ಲಿ ಅಧ್ಯಕ್ಷರು ಹೊಟ್ಟೆ ಹಿಡಿದು ನಕ್ಕದ್ದು ಅವರದೇ ಮಾತಿಗೆ. ಕಡ್ಲೆಮಿಠಾಯಿ ಕೊಟ್ಟದ್ದೂ ಅದಕ್ಕೇ. ದೂರು ಬರೆದದ್ದೂ ಅದರ ಮೇಲೆಯೇ.

ಈಗ ಅದೇ ಅಧ್ಯಕ್ಷರು ಶೋಕಸಭೆಯಲ್ಲಿ, ಮೂರನೆಯ ಭಾಷಣದಲ್ಲಿ, “ಪ್ರತಿಯೊಂದು ಮಗುವಿಗೂ ಅದರದ್ದೇ ಪಾಠ ಮಾಡುತ್ತಿದ್ದ ಮಹಾತಾಯಿ” ಎಂದು ಕನ್ನಡಕ ತೆಗೆದು ಕಣ್ಣೊತ್ತಿಕೊಂಡಿದ್ದರು. ಮೊನ್ನೆ ನಾನು ಹೋದ ತರಬೇತಿಯಲ್ಲೂ ಅದೇ ಮಾತು, ಬಣ್ಣದ ಸ್ಲೈಡಿನಲ್ಲಿ. ಕಲಿಕೆ ಭಿನ್ನ, ಮಗು ಭಿನ್ನ, ಚಹಾ ಹನ್ನೊಂದಕ್ಕೆ. ಎಲ್ಲರೂ ಬರೆದುಕೊಂಡರು. ಗೋಣಿಚೀಲದಲ್ಲಿ ಹೋದ ಕಾರ್ಡುಗಳ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಚಹಾ ಕುಡಿದೆ.

ಹಾಗಾಗಿ ಮೈಕು ಕೈಗೆ ಬಂದಾಗ ನಾನು ಎದ್ದು ನಿಂತೆ.

“ಟೀಚರದ್ದು ನನಗೆ ಬರುದಿಲ್ಲ. ಅವರಿಗೆ ಒಂದು ಧ್ವನಿ ಇರ್ಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಇತ್ತು. ನಿಮಗೆ ಯಾರ ಟೀಚರ್ ಬೇಕು?” ಎಂದೆ. “ಆದ್ರೆ ಹಿಂದೊಮ್ಮೆ ಅಂಗಡಿ ಜಗಲಿಯಲ್ಲಿ ಟೀಚರದ್ದು ಅಂತ ಒಂದು ಮಾಡಿದ್ದೆ. ಅವತ್ತು ಶ್ರುತಿ ತಪ್ಪಿತ್ತು. ಇವತ್ತು ಸರಿ ಮಾಡ್ತೇನೆ.”

ಮೈಕನ್ನು ಹತ್ತಿರ ಹಿಡಿದು ಗಂಟಲು ಕೆರೆದೆ. “ಹ್ಹ್‌ಮ್… ಇಲ್ಲಿ ಅಲ್ಲ. ನಿಮ್ಮವರಿಗೆ ಆಚೆ ತಟ್ಟೆ ಇಟ್ಟಿದೆ. ಆಚೆ ಕೂತ್ಕೋ.”

ಮುಂದಿನ ಎರಡು ಸಾಲು ಅಭ್ಯಾಸಬಲದಿಂದ ನಕ್ಕಿತು, ಧ್ವನಿ ಅಷ್ಟು ಸರಿಯಾಗಿತ್ತು. ಆಮೇಲೆ ಎಲ್ಲರೂ ವೇದಿಕೆಯ ನಡುವಿನ ಕುರ್ಚಿಯನ್ನು ನೋಡಿದರು. ನಗು ಅಲ್ಲಿಗೇ ನಿಂತಿತು. ಅವತ್ತು ಆಚೆ ಉಂಡವರಲ್ಲಿ ಕೆಲವರು ಸಭೆಯಲ್ಲಿದ್ದರು. ಅಮ್ಮನೂ ಇದ್ದಳು. ತಲೆ ತಗ್ಗಿಸಲಿಲ್ಲ.

“ಎಂತ ಮಾರಾಯ ಇದು,” ಅಧ್ಯಕ್ಷರು ಮೈಕಿಲ್ಲದೆ ಹೇಳಿದರು. “ಯಾವ ಕಾಲದ ಕಥೆ ಅದು. ಸತ್ತವರ ಎದುರು ಇದೆಲ್ಲ ಯಾಕೆ?”

“ಸತ್ತವರ ಎದುರೇ ಹೇಳ್ಬೇಕಾದ್ದು, ಅಧ್ಯಕ್ಷರೇ. ಬದುಕಿದ್ದಾಗ ಹೇಳ್ಲಿಕ್ಕೆ ನನಗೆ ಬಾಯಿ ಇರ್ಲಿಲ್ಲ.” ಇದನ್ನು ಯಾರ ಧ್ವನಿಯಲ್ಲಿ ಹೇಳಿದೆನೋ ತಿಳಿಯದು. ಅಮ್ಮನನ್ನು ಆಮೇಲೆ ಕೇಳಿದೆ. “ನಿನ್ನದೇ” ಎಂದಳು.

ಬಾಗಿಲ ಬಳಿ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದರು, ಹೋಗುವ ಮುಂಚೆ ಎಲ್ಲರೂ ಟೀಚರ ಬಗ್ಗೆ ಒಂದು ಸಾಲು ಬರೆಯಬೇಕೆಂದು. ಮೊದಲ ಪುಟದ ತುಂಬ ‘ತುಂಬಲಾರದ ನಷ್ಟ’ ಎಂಬ ಒಂದೇ ಸಾಲು, ಒಬ್ಬರದನ್ನು ನೋಡಿ ಒಬ್ಬರು ಬರೆದದ್ದು. ನಾನು ಪೆನ್ನು ತೆಗೆದುಕೊಂಡೆ.

*ಟೀಚರ್ ಯಾರನ್ನೂ ಆಚೆ ತಟ್ಟೆಯಲ್ಲಿ ಕೂರಿಸಲಿಲ್ಲ. ನಾನು ಮೊದಲು ಬರೆದುಕೊಟ್ಟದ್ದು ಸುಳ್ಳು.*

ಹೆಸರು ಹಾಕಿದೆ. ಹೊರಡುವ ಮೊದಲು ಬಗ್ಗಿ, ‘ತಟ್ಟೆ’ಯ ಒತ್ತು ಸರಿ ಉಂಟಾ ಎಂದು ಎರಡು ಸಲ ನೋಡಿದೆ.